ಮುಳುಗದಂತೆ ಕಲಿಸಿದವರನ್ನು ಯಾರು ಗುರುತಿಸಬೇಕು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಕಾರವಾರ ಕಡೆಯ ನಿವೃತ್ತ ಶಿಕ್ಷಕಿ. ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗ ಅಲ್ಲಿಯ ಸೀ ಕೆಡೆಟ್ಸ್ ಘಟಕಕ್ಕೆ ಹೋಗುತ್ತಾನೆ. ದೋಣಿ ನಡೆಸುವುದು, ಹಗ್ಗದ ಗಂಟು ಹಾಕುವುದು ಎಲ್ಲ ಕಲಿತಿದ್ದಾನೆ. ಅಲ್ಲಿ ಸಂಬಳವಿಲ್ಲದೆ ಕಲಿಸುವವರಿಗೆ ರಾಜನ ಹೆಸರಿನ ಪ್ರಶಸ್ತಿ ಬಂತಂತೆ. ನಮ್ಮ ಕಾಳಿ ನದಿಯ ದಂಡೆಯಲ್ಲೂ ಐದಾರು ಜನ ಭಾನುವಾರ ಮಕ್ಕಳಿಗೆ ಈಜು, ಹುಟ್ಟು ಹಾಕುವುದು ಕಲಿಸುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಅವರಲ್ಲೊಬ್ಬ ಹುಡುಗ ಹೋದ ವರ್ಷ ಅಲೆಗೆ ಸಿಕ್ಕ ಇಬ್ಬರು ಪ್ರವಾಸಿಗರನ್ನು ದಂಡೆಗೆ ಎಳೆದು ತಂದ. ಯಾರೂ ಒಂದು ಶಾಲು ಹೊದಿಸಲಿಲ್ಲ. ಕೇಳಿದರೆ ‘ಸೇವೆಗೆ ಪ್ರಶಸ್ತಿ ಯಾಕೆ ಅಕ್ಕೋರೇ’ ಅನ್ನುತ್ತಾರೆ. ಅವರು ಹೇಳೋದು ಸರಿಯೋ? ಇಲ್ಲಾ ನಾವು ಏನಾದರೂ ಮಾಡಬೇಕೋ?

ಸಂಪಾದಕರ ಉತ್ತರ:

ಅಕ್ಕೋರೇ, ನಮಸ್ಕಾರ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಮಾಡಬೇಕು. ನೀವು ಮಾಡಬೇಕು, ನಾವೂ ಜೊತೆಗಿರಬೇಕು. ತಮ್ಮ ಕೆಲಸವನ್ನು ತಾವೇ ಹೇಳಿಕೊಂಡು ತಿರುಗಲು ಅವರಿಗೆ ಮನಸ್ಸಿಲ್ಲ. ಅದು ಅವರ ದೊಡ್ಡತನ. ಆದರೆ ಅವರು ಕೇಳಲಿಲ್ಲ ಅನ್ನುವುದನ್ನೇ ನೆಪ ಮಾಡಿಕೊಂಡು ಊರು ಕೈಕಟ್ಟಿ ಕೂತರೆ ಅದು ನಮ್ಮ ಸಣ್ಣತನ.

ಇಂಗ್ಲೆಂಡಿನ ಆ ಪ್ರಶಸ್ತಿ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ. ಅದರಲ್ಲಿ ನಮಗೆ ಬೇಕಾದ ವಿಷಯ ಇದೆ. ರಾಣಿ ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದು ಐವತ್ತು ವರ್ಷವಾದ ನೆನಪಿಗೆ 2002ರಲ್ಲಿ ಅದನ್ನು ಶುರು ಮಾಡಿದರು. ಈಗ ಅದರ ಹೆಸರು ಕಿಂಗ್ಸ್ ಅವಾರ್ಡ್ ಫಾರ್ ವಾಲಂಟರಿ ಸರ್ವಿಸ್. ವ್ಯಕ್ತಿಗಳಿಗೆ ಕೊಡುವ ಎಂಬಿಇ ಗೌರವಕ್ಕೆ ಸಮ ಅನ್ನುತ್ತಾರೆ. ಆದರೆ ಇದನ್ನು ಕೊಡುವುದು ಇಡೀ ಗುಂಪಿಗೆ. ಗುಂಪಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಂಬಳವಿಲ್ಲದೆ ದುಡಿಯುವವರಾಗಿರಬೇಕು. ಕನಿಷ್ಠ ಮೂರು ವರ್ಷದ ಕೆಲಸ ಇರಬೇಕು. ಗುಂಪಿನವರು ತಮ್ಮ ಹೆಸರನ್ನು ತಾವೇ ಕಳಿಸುವ ಹಾಗಿಲ್ಲ. ಹೊರಗಿನವರು ಯಾರಾದರೂ ಬರೆಯಬೇಕು, ಇನ್ನಿಬ್ಬರು ಬೆಂಬಲದ ಪತ್ರ ಕೊಡಬೇಕು. ಆಮೇಲೆ ಆ ಪ್ರಾಂತ್ಯದಲ್ಲಿ ರಾಜನ ಪ್ರತಿನಿಧಿಯಾಗಿರುವವರ ಕಡೆಯಿಂದ ಜನ ಬಂದು, ಕೆಲಸ ನಡೆಯುವ ಜಾಗದಲ್ಲೇ ನಿಂತು ನೋಡುತ್ತಾರೆ. ಹಣ ಅಂತ ಏನೂ ಕೊಡುವುದಿಲ್ಲ. ರಾಜನ ಸಹಿ ಇರುವ ಪತ್ರ, ಒಂದು ಸ್ಫಟಿಕದ ಸ್ಮರಣಿಕೆ, ಅಷ್ಟೇ. ಹೆಸರುಗಳನ್ನು ಹೊರಡಿಸುವುದು ರಾಜ ಚಾರ್ಲ್ಸ್ ಹುಟ್ಟಿದ ದಿನ, ನವೆಂಬರ್ 14ಕ್ಕೆ. ನಮ್ಮಲ್ಲಿ ಅದೇ ದಿನ ಮಕ್ಕಳ ದಿನಾಚರಣೆ.

ಸೀ ಕೆಡೆಟ್ಸ್ ಅನ್ನುವುದು ಅಲ್ಲಿ ಬಹಳ ಹಳೆಯ ಸಂಸ್ಥೆ. ಕ್ರಿಮಿಯಾ ಯುದ್ಧ ಮುಗಿದ ಹೊತ್ತಿನಲ್ಲಿ, 1856ರ ಸುಮಾರಿಗೆ, ವಿಟ್‌ಸ್ಟೇಬಲ್‌ನಂಥ ಬಂದರು ಊರುಗಳಲ್ಲಿ ಅದರ ಬೇರು ಸಿಗುತ್ತದೆ. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗರು ದಿಕ್ಕು ತಪ್ಪಬಾರದು ಅಂತ ಯುದ್ಧದಿಂದ ಮರಳಿದ ನಾವಿಕರು ಸೇರಿ ಅವರಿಗಾಗಿ ದಳಗಳನ್ನು ಕಟ್ಟಿದರು. 1899ರಲ್ಲಿ ವಿಕ್ಟೋರಿಯಾ ರಾಣಿ ವಿಂಡ್ಸರ್‌ನ ಘಟಕಕ್ಕೆ ಸಮವಸ್ತ್ರಕ್ಕೆಂದು ಹತ್ತು ಪೌಂಡ್ ಕೊಟ್ಟರು. ಈಗ ಅಲ್ಲಿ ಸುಮಾರು 400 ಘಟಕಗಳಿವೆ. ಸಾವಿರಾರು ದೊಡ್ಡವರು ತಮ್ಮ ಸಂಜೆ, ತಮ್ಮ ರಜೆ ಕೊಟ್ಟು 10ರಿಂದ 17 ವರ್ಷದ ಮಕ್ಕಳ ಜೊತೆ ನೀರಿಗಿಳಿಯುತ್ತಾರೆ.

ನಮ್ಮ ದೇಶದಲ್ಲೂ ಇಂಥದ್ದು ಇಲ್ಲ ಅಂತೇನಿಲ್ಲ. ಸೀ ಕೆಡೆಟ್ ಕೋರ್ 1938ರಲ್ಲಿ ಕರಾಚಿಯಲ್ಲಿ ಶುರುವಾಗಿ, ದೇಶ ಇಬ್ಭಾಗವಾದ ಮೇಲೆ ಮುಂಬೈಗೆ ಬಂತು. ಎನ್‌ಸಿಸಿಯ ನೌಕಾ ವಿಭಾಗ ಇದೆ, ಸೀ ಸ್ಕೌಟ್ಸ್ ಇದೆ. ಆದರೆ ನೀವು ಹೇಳುವ ಐದಾರು ಜನ ಯಾವ ಪಟ್ಟಿಯಲ್ಲೂ ಇಲ್ಲದವರು. ಅವರಿಗೆ ಸಮವಸ್ತ್ರ ಇಲ್ಲ, ಬ್ಯಾಂಡು ಇಲ್ಲ. ಮೀನುಗಾರಿಕೆಯ ಮನೆಗಳಲ್ಲಿ ಹುಟ್ಟಿ, ನೀರನ್ನು ಓದಲು ಅಜ್ಜ ಅಪ್ಪಂದಿರಿಂದ ಕಲಿತವರು.

ನೀವು ಹೇಳಿದ ದಂಡೆಗೆ ನಾನೂ ಹೋಗಿದ್ದೆ. ಅಲ್ಲಿ ಕಂಡ ಒಂದು ವಿಷಯ ಓದುಗರಿಗೆ ತಿಳಿಯಬೇಕು. ಒಂಬತ್ತು ವರ್ಷದ ಹುಡುಗನಿಗೆ ಲೈಫ್ ಜಾಕೆಟ್ ಹಾಕಿದ್ದರು. ಬಕಲ್ ಎಲ್ಲ ಹಾಕಿ ಆಗಿತ್ತು. ಕಲಿಸುವವರು ಬಂದು ಜಾಕೆಟಿನ ಎರಡೂ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿದರು. ಜಾಕೆಟ್ ಸರಕ್ಕನೆ ಮೇಲೆ ಜಾರಿ ಹುಡುಗನ ಗಲ್ಲ, ಬಾಯಿ ಮುಚ್ಚಿತು. ‘ನೀರಿಗೆ ಬಿದ್ದಾಗಲೂ ಇದು ಹೀಗೇ ಮೇಲೆ ಬರ್ತದೆ, ನೀನು ಕೆಳಗೆ ಹೋಗ್ತೀಯ’ ಅಂದರು. ಅದನ್ನು ಬಿಚ್ಚಿಸಿ, ಆಗ ತಾನೇ ದೋಣಿಯಿಂದ ಇಳಿದ ಹುಡುಗಿಯ ಚಿಕ್ಕ ಜಾಕೆಟ್ ತೊಡಿಸಿದರು. ಮತ್ತೆ ಎಳೆದು ನೋಡಿದರು. ಜಾಕೆಟ್ ಅಲುಗಲಿಲ್ಲ. ಆಮೇಲೇ ಅವನಿಗೆ ಪಾತಿ ದೋಣಿ ಹತ್ತಲು ಬಿಟ್ಟದ್ದು. ಚಿಕ್ಕ ಅಳತೆಯ ಜಾಕೆಟ್ ಅವರ ಹತ್ತಿರ ಜಾಸ್ತಿ ಇಲ್ಲ. ಹಾಗಾಗಿ ಚಿಕ್ಕ ಮಕ್ಕಳು ಸರದಿಯಲ್ಲಿ ಕಾಯುತ್ತಾರೆ. ಜಾಕೆಟ್ ಇಲ್ಲದೆ ಮಾತ್ರ ಯಾರನ್ನೂ ಹತ್ತಿಸುವುದಿಲ್ಲ.

ಅಷ್ಟರಲ್ಲಿ ಇನ್ನೊಬ್ಬರು ಮರಳಿನ ಮೇಲೆ ಕೋಲಿನಿಂದ ಅಲೆಗಳ ಸಾಲು ಬರೆದು, ನಡುವೆ ಸ್ವಲ್ಪ ಜಾಗ ಖಾಲಿ ಬಿಟ್ಟರು. ‘ಇಳಿಯೋದಾದರೆ ಎಲ್ಲಿ ಇಳೀತೀರಿ?’ ಅಂತ ಕೇಳಿದರು. ಹೆಚ್ಚಿನ ಮಕ್ಕಳು ಆ ಖಾಲಿ ಜಾಗಕ್ಕೇ ಬೆರಳು ತೋರಿಸಿದರು. ನಾನೂ ಅದನ್ನೇ ತೋರಿಸುತ್ತಿದ್ದೆ. ಅಲೆ ಒಡೆಯದೆ ಸುಮ್ಮನಿರುವ ಜಾಗ ನೋಡಲು ಶಾಂತ. ಆದರೆ ದಂಡೆಗೆ ಬಂದ ನೀರೆಲ್ಲ ಹಿಂದಕ್ಕೆ ಹೋಗುವ ದಾರಿ ಅದೇ. ಅಲ್ಲಿ ಕಾಲಿಟ್ಟರೆ ನೀರು ಒಳಗೆ ಸೆಳೆದುಕೊಂಡು ಹೋಗುತ್ತದೆ. ಸೆಳೆದಾಗ ದಂಡೆಯ ಕಡೆ ಎದುರು ಈಜಿದರೆ ಎಂಥಾ ಗಟ್ಟಿ ಆಳೂ ಸೋತುಹೋಗುತ್ತಾನೆ. ದಂಡೆಗುಂಟ ಅಡ್ಡ ಈಜಿ, ಸೆಳೆತ ಬಿಟ್ಟ ಮೇಲೆ ದಂಡೆಗೆ ತಿರುಗಬೇಕು. ಈಜಲು ಆಗದಿದ್ದರೆ ಮಲಗಿದಂತೆ ತೇಲಿ ಕೈ ಎತ್ತಿ ಕೂಗಬೇಕು. ಕಾಳಿಯಂಥ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನದಿಯ ಹರಿವೂ ಸೇರಿ ಸೆಳೆತ ಇನ್ನೂ ಜೋರು. ಇದಿಷ್ಟನ್ನೂ ಆ ಮಕ್ಕಳು ಒಂದು ಬೆಳಿಗ್ಗೆ ಕಲಿತರು.

ಈ ಪಾಠದ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿರಬೇಕು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಮುಳಬಾಗಿಲಿನಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಕಾಳಿಯ ಹಳೆ ಸೇತುವೆ ನಡುರಾತ್ರಿ ಕುಸಿದಾಗ ನದಿಗೆ ಬಿದ್ದ ಲಾರಿಯ ಚಾಲಕನನ್ನು ಪೊಲೀಸರ ಜೊತೆ ಸೇರಿ ದಂಡೆಗೆ ತಂದದ್ದು ನಮ್ಮ ಮೀನುಗಾರರು. ಇಲ್ಲಿ ಮೊದಲು ನೀರಿಗೆ ಹಾರುವವರು ಯಾವಾಗಲೂ ಇವರೇ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಮುಳುಗುವವರನ್ನು ಎತ್ತಿದವರಿಗೆ ನಮ್ಮಲ್ಲಿ ರಾಷ್ಟ್ರಮಟ್ಟದ ಪದಕ ಇದೆ. ಯಾರೂ ಮುಳುಗದ ಹಾಗೆ ವರ್ಷಗಟ್ಟಲೆ ಕಲಿಸಿದವರಿಗೆ ಅಂಥದ್ದೊಂದು ಪದಕ ಇಲ್ಲ. ಕಾರಣ ಗೊತ್ತೇ ಇದೆ. ಎತ್ತಿದ ಜೀವವನ್ನು ಕಣ್ಣಾರೆ ನೋಡಬಹುದು, ಎಣಿಸಬಹುದು. ಮುಳುಗದೇ ಉಳಿದ ಮಗು ಮನೆಗೆ ಹೋಗಿ ಊಟ ಮಾಡಿ ಮಲಗುತ್ತದೆ, ಅದು ಸುದ್ದಿ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ನೀರಿನ ಸಾವು ತಡೆಯಲು ಹೇಳುವ ದಾರಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಈಜು, ನೀರಿನ ಎಚ್ಚರ ಕಲಿಸುವುದೂ ಒಂದು. ನಿಮ್ಮ ಊರಿನ ಆ ಜನ ಯಾರೂ ಹೇಳದೇ ಅದನ್ನು ಮಾಡುತ್ತಿದ್ದಾರೆ. ಇದನ್ನು ದೇಶ ಗುರುತಿಸಲೇಬೇಕು ಅಂತ ನಾನು ಮನಸಾರೆ ನಂಬುತ್ತೇನೆ.

ಗುರುತಿಸಿದರೆ ಅವರಿಗೇನು ಲಾಭ ಅಂತ ಕೇಳುವವರು ಇದ್ದಾರೆ. ಲಾಭ ಮಕ್ಕಳಿಗೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ನೀರಿಗೆ ಕಳಿಸಲು ಇಂದಿಗೂ ಹಿಂದೆ ಮುಂದೆ ನೋಡುತ್ತಾರೆ. ‘ಯಾರು ಕಲಿಸೋದು, ನಂಬಬಹುದಾ?’ ಅನ್ನುವುದು ತಾಯಂದಿರ ಮೊದಲ ಪ್ರಶ್ನೆ. ಸರ್ಕಾರದ ಮುದ್ರೆ ಇರುವ ಒಂದು ಕಾಗದ ಆ ಭಯವನ್ನು ಸ್ವಲ್ಪ ಇಳಿಸುತ್ತದೆ. ಚಿಕ್ಕ ಅಳತೆಯ ಜಾಕೆಟ್ ಕೊಡಿಸಿ ಅಂತ ಯಾವುದಾದರೂ ಬ್ಯಾಂಕಿಗೋ ಕಂಪನಿಗೋ ಹೋದರೆ ಕುರ್ಚಿ ಹಾಕಿ ಕೂರಿಸಿ ಮಾತಾಡುತ್ತಾರೆ. ಇವರಿಗೆ ವಯಸ್ಸಾದಾಗ ಹೊಣೆ ಹೊರಲು ಹೊಸ ಹುಡುಗರು ಬರುತ್ತಾರೆ. ಶಾಲು ಹೊದಿಸಿ ಫೋಟೋ ತೆಗೆದು ಮರೆತುಬಿಡುವ ಸನ್ಮಾನದಿಂದ ಇದ್ಯಾವುದೂ ಆಗುವುದಿಲ್ಲ. ಅದನ್ನು ಮಾತ್ರ ದಯವಿಟ್ಟು ಏರ್ಪಡಿಸಬೇಡಿ.

ಪದ್ಮ ಪ್ರಶಸ್ತಿಗೆ ಬರೆಯಬಹುದಾ ಅಂತ ನಿಮಗೆ ಅನಿಸಬಹುದು. ಬರೆಯಬಹುದು. ಈಗ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹೆಸರು ಕಳಿಸಬಹುದು, ಕೆಲಸದ ವಿವರ 800 ಪದದ ಒಳಗಿರಬೇಕು. ನಮ್ಮ ಅಂಕೋಲಾ ತಾಲೂಕಿಗೇ ಎರಡು ಪದ್ಮಶ್ರೀ ಬಂದಿವೆ. ಬಡಗೇರಿಯ ಸುಕ್ರಜ್ಜಿಗೆ 2017ರಲ್ಲಿ, ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರ ಸಾಲಿನಲ್ಲಿ. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ತುಳಸಜ್ಜಿಯನ್ನು ಇಡೀ ದೇಶ ನೋಡಿತು. ಆದರೆ ಪದ್ಮ ಕೊಡುವುದು ಒಬ್ಬ ವ್ಯಕ್ತಿಗೆ. ಐದಾರು ಜನ ಹೆಗಲು ಕೊಟ್ಟು ನಡೆಸುವ ಕೆಲಸದಲ್ಲಿ ಒಬ್ಬರ ಹೆಸರು ಮೇಲೆತ್ತಿದರೆ ಉಳಿದವರ ಮನಸ್ಸಿನಲ್ಲಿ ಏನಾಗುತ್ತದೆ ಅಂತ ಯೋಚಿಸಿ. ನನಗಂತೂ ಅದು ಬೇಡ ಅನಿಸುತ್ತದೆ.

ಗುಂಪಿಗೇ ಸಿಗಬಹುದಾದ ದಾರಿ ಅಂದರೆ ಕೇಂದ್ರ ಯುವಜನ ಮತ್ತು ಕ್ರೀಡಾ ಸಚಿವಾಲಯದ ರಾಷ್ಟ್ರೀಯ ಯುವ ಪ್ರಶಸ್ತಿ. ಅದನ್ನು 15ರಿಂದ 29 ವರ್ಷದ ಯುವಜನರಿಗೂ ಕೊಡುತ್ತಾರೆ, ಯುವಜನರ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೂ ಕೊಡುತ್ತಾರೆ. ತೇನ್‌ಸಿಂಗ್ ನೋರ್ಗೆ ಪ್ರಶಸ್ತಿಯಲ್ಲಿ ಜಲಸಾಹಸಕ್ಕೆ ಬೇರೆ ವಿಭಾಗ ಇದೆ, ಆದರೆ ಅದು ಸಾಹಸಿಗಳಿಗೆ. ಸಂಸ್ಥೆ ಅಂದ ಮೇಲೆ ನೋಂದಣಿ ಬೇಕು, ಲೆಕ್ಕಪತ್ರ ಬೇಕು. ಇಲ್ಲೇ ನಮ್ಮ ಜನ ಹಿಂದೆ ಬೀಳುವುದು. ಯಾವ ಭಾನುವಾರ ಎಷ್ಟು ಮಕ್ಕಳು ಬಂದರು, ಯಾರು ಕಲಿಸಿದರು ಅಂತ ಒಂದು ನೋಟ್‌ಬುಕ್ಕಿನಲ್ಲಾದರೂ ಬರೆದಿಡಬೇಕು. ತಂದೆ ತಾಯಿಯ ಒಪ್ಪಿಗೆ ಪತ್ರ ಇರಬೇಕು. ಮಕ್ಕಳ ಜೊತೆ ಯಾವಾಗಲೂ ಇಬ್ಬರಾದರೂ ದೊಡ್ಡವರಿರಬೇಕು, ಅದರಲ್ಲಿ ಒಬ್ಬರು ಹೆಣ್ಣುಮಗಳಾದರೆ ಒಳ್ಳೇದು. ಇದು ಪ್ರಶಸ್ತಿ ಬಾರದಿದ್ದರೂ ಮಾಡಬೇಕಾದ ಕೆಲಸ. ಜೀವನವೆಲ್ಲ ಹಾಜರಿ ಹಾಕಿದವರು ನೀವು. ನೋಟ್‌ಬುಕ್ಕಿನ ಹೊಣೆ ನೀವೇ ತಗೊಳ್ಳಿ ಅಕ್ಕೋರೇ.

ಜಿಲ್ಲಾಡಳಿತಕ್ಕೂ ಈ ಪತ್ರಿಕೆಯ ಮೂಲಕ ಒಂದು ಮಾತು ಹೇಳುತ್ತೇನೆ. ಜುಲೈ 25ನ್ನು ನೀರಿನಲ್ಲಿ ಮುಳುಗುವ ಸಾವು ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ, ಮೀನುಗಾರರು ಮನೆಯಲ್ಲಿರುತ್ತಾರೆ, ಕಡಲು ಮಾತ್ರ ಅಬ್ಬರಿಸುತ್ತಿರುತ್ತದೆ. ಮಾಜಾಳಿಯಿಂದ ಭಟ್ಕಳದವರೆಗೆ ಮಕ್ಕಳಿಗೆ ಈಜು, ದೋಣಿ ಕಲಿಸುವವರನ್ನೆಲ್ಲ ಆ ದಿನ ಕರೆಸಿ. ಅವರಿಗೆ ವಿಮೆ ಮಾಡಿಸಿ, ಒಂದಷ್ಟು ಒಳ್ಳೆಯ ಜಾಕೆಟ್ ಕೊಡಿ, ಗುರುತಿನ ಚೀಟಿ ಕೊಡಿ. ದೆಹಲಿಗೆ ಕಳಿಸಬೇಕಾದ ಹೆಸರುಗಳೂ ಆ ದಿನವೇ ಸಿಗುತ್ತವೆ.

ಇನ್ನು, ಇಬ್ಬರು ಪ್ರವಾಸಿಗರನ್ನು ಎಳೆದು ತಂದ ಆ ಹುಡುಗನ ವಿಷಯ. ಇದಕ್ಕೆ ಮಾತ್ರ ಕಾಯುವ ಹಾಗಿಲ್ಲ. 1961ರಿಂದ ಕೇಂದ್ರ ಸರ್ಕಾರ ಕೊಡುತ್ತಿರುವ ಜೀವನ ರಕ್ಷಾ ಪದಕ ಇಂಥವರಿಗೇ ಇರುವುದು. ನೀರು, ಬೆಂಕಿ, ಅಪಘಾತಗಳಿಂದ ಇನ್ನೊಬ್ಬರ ಜೀವ ಉಳಿಸಿದವರಿಗೆ ಸರ್ವೋತ್ತಮ, ಉತ್ತಮ ಮತ್ತು ಬರೀ ಜೀವನ ರಕ್ಷಾ ಪದಕ ಅಂತ ಮೂರು ದರ್ಜೆಯಲ್ಲಿ ಕೊಡುತ್ತಾರೆ. ಕಾಪಾಡಿದವನು ತನ್ನ ಜೀವಕ್ಕೆ ಎಷ್ಟು ಅಪಾಯ ತಂದುಕೊಂಡ ಅನ್ನುವುದರ ಮೇಲೆ ದರ್ಜೆ. ಪದಕದ ಜೊತೆ ಕೇಂದ್ರ ಗೃಹ ಸಚಿವರ ಸಹಿಯ ಪತ್ರ, ಹಣ ಎರಡೂ ಇದೆ. ಹೆಸರು ರಾಜ್ಯ ಸರ್ಕಾರದ ಮೂಲಕ ಹೋಗಬೇಕು, ಹಾಗಾಗಿ ಅರ್ಜಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಡಬೇಕು. ಘಟನೆ ನಡೆದು ಎರಡು ವರ್ಷದೊಳಗೆ ಹೋಗದಿದ್ದರೆ ತೆಗೆದುಕೊಳ್ಳುವುದಿಲ್ಲ. ಹೋದ ವರ್ಷದ್ದು ಅಂದಿದ್ದೀರಿ, ಇನ್ನೂ ಸಮಯ ಇದೆ.

ಮೊದಲು ಆ ಹುಡುಗನನ್ನು ಒಂದು ಮಾತು ಕೇಳಿ ಒಪ್ಪಿಸಿ. ದಿನಾಂಕ, ಹೊತ್ತು, ಜಾಗ, ಅವತ್ತು ಉಬ್ಬರವೋ ಇಳಿತವೋ, ಅವನು ಎಷ್ಟು ದೂರ ಈಜಿದ, ಯಾರ್‍ಯಾರು ನೋಡಿದರು, ಎಲ್ಲ ಒಂದು ಹಾಳೆಯಲ್ಲಿ ಬರೆಸಿ. ಬದುಕುಳಿದ ಆ ಇಬ್ಬರು ಪ್ರವಾಸಿಗರ ಫೋನ್ ನಂಬರ್ ಯಾರ ಹತ್ತಿರವಾದರೂ ಇದ್ದರೆ ಅವರಿಂದ ಸಹಿ ಮಾಡಿದ ಹೇಳಿಕೆ ತರಿಸಿ. ಠಾಣೆಯಲ್ಲಿ ಏನಾದರೂ ದಾಖಲಾಗಿದ್ದರೆ ಅದರ ನಕಲು ಬೇಕು. ಎಲ್ಲ ಹಿಡಿದುಕೊಂಡು ಬರುವ ವಾರ ನಮ್ಮ ಕಚೇರಿಗೆ ಬನ್ನಿ. ಅರ್ಜಿ ಇಲ್ಲೇ ಕೂತು ಬರೆಯೋಣ, ಜಿಲ್ಲಾಧಿಕಾರಿ ಕಚೇರಿಗೆ ನಾನೂ ಜೊತೆಗೆ ಬರುತ್ತೇನೆ.

ಸಂಪಾದಕ