ಮೊದಲ ಭೇಟಿ ಫ್ಲ್ಯಾಟ್‌ನಲ್ಲಿ ಬೇಡ

(ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ವಯಸ್ಸು 27, ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ಬೆಂಗಳೂರಿನ ಹುಡುಗನ ಜೊತೆ ಒಂಬತ್ತು ತಿಂಗಳಿನಿಂದ ಮಾತುಕತೆ. ಈಗ ಮುಖತಃ ನೋಡುವ ಆಸೆ. ‘ಹೋಟೆಲಲ್ಲಿ ಬರೀ ಗದ್ದಲ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫ್ರೆಂಡ್ ಫ್ಲ್ಯಾಟ್ ಇದೆ, ಅಲ್ಲೇ ಕೂತು ಮಾತಾಡೋಣ’ ಎನ್ನುತ್ತಾನಂತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಹೋಗಲೋ ಬೇಡವೋ? ಹೋದರೆ ಉಡುಗೊರೆ ಏನು ಒಯ್ಯಲಿ?)

ಹೋಗಿ ಬನ್ನಿ, ಆದರೆ ಫ್ಲ್ಯಾಟ್‌ಗೆ ಬೇಡ. ಆತ ಕೆಟ್ಟವನೇ ಇರಬೇಕು ಎಂದು ನಾವು ಹೇಳುತ್ತಿಲ್ಲ. ಬೇಸರವಾದರೆ ಐದೇ ನಿಮಿಷಕ್ಕೆ ಎದ್ದು ಬರುವಂತಿರಬೇಕು, ಮೊದಲ ಭೇಟಿಗೆ ಬೇಕಾದದ್ದು ಅದೊಂದೇ. ಬೇರೆಯವರ ಮನೆಯೊಳಗೆ ಬಾಗಿಲು, ಲಿಫ್ಟು, ಗೇಟು, ಊರ ಹೊರಗಿನ ರಸ್ತೆ ಎಲ್ಲ ದಾಟಿ ಬರಬೇಕು. ಕೆಳಗೆ ಬರೆದಿರುವ ಎಲ್ಲ ಏರ್ಪಾಟೂ ಎದ್ದು ಬರುವ ಆ ದಾರಿಗಾಗಿಯೇ.

ಮೊದಲು ಊರಲ್ಲಿ ಕೂತೇ ಮಾಡಬಹುದಾದ ಕೆಲಸ. ಒಂಬತ್ತು ತಿಂಗಳಲ್ಲಿ ವಿಡಿಯೊ ಕಾಲ್ ಎಷ್ಟಾಗಿವೆ ಎಂದು ನೀವು ಬರೆದಿಲ್ಲ. ಆಗಿಲ್ಲವಾದರೆ ಬೇರೆ ಬೇರೆ ಹೊತ್ತಿನಲ್ಲಿ ಎರಡು ಮೂರು ಆಗಲಿ, ಅದರಲ್ಲಿ ಒಂದು ಹಗಲಲ್ಲಿ, ಆತ ಕೆಲಸದ ಜಾಗದಲ್ಲಿರುವಾಗ. ಮಾತಿನ ನಡುವೆ ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಲು, ಮುಖದ ಮುಂದೆ ಕೈ ಆಡಿಸಲು ಹೇಳಿ. ಕೃತಕವಾಗಿ ಅಂಟಿಸಿದ ಮುಖ ಅಲ್ಲೇ ಸಾಮಾನ್ಯವಾಗಿ ಕದಡುವುದು. ಪ್ರೊಫೈಲ್ ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ; ಅದೇ ಮುಖ ಇನ್ಯಾವುದೋ ಹೆಸರಲ್ಲಿ ಸಿಕ್ಕರೆ ಪಯಣ ಅಲ್ಲಿಗೇ ಮುಗಿಯಿತು.

ಇನ್ನೊಂದು ಉಪಾಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಫೋನ್‌ಪೇ ಅಥವಾ ಗೂಗಲ್ ಪೇನಲ್ಲಿ ಆತನ ನಂಬರ್ ಹಾಕಿ, ಹಣ ಕಳಿಸುವ ಪುಟದವರೆಗೆ ಹೋಗಿ ನಿಲ್ಲಿಸಿ. ಬ್ಯಾಂಕ್ ಖಾತೆಯಲ್ಲಿರುವ ಹೆಸರು ಕಾಣುತ್ತದೆ. ಅದು ಹೇಳಿದ ಹೆಸರಿಗೆ ಹೊಂದದಿದ್ದರೆ ತಕ್ಷಣ ಅಪರಾಧಿ ಅನ್ನಬೇಡಿ, ನಂಬರ್ ಅಪ್ಪನ ಖಾತೆಗೆ ಜೋಡಿಸಿರಬಹುದು. ಕೇಳಿ, ಉತ್ತರ ಸಲೀಸಾಗಿ ಬರುತ್ತದೋ, ಸಿಟ್ಟಾಗಿ ಬರುತ್ತದೋ ನೋಡಿ. ಹಣ ಕೇಳಿದ್ದರಂತೂ, ಆಸ್ಪತ್ರೆಗೆ, ಕಸ್ಟಮ್ಸ್‌ನಲ್ಲಿ ನಿಂತ ಪಾರ್ಸೆಲ್‌ಗೆ, ಷೇರಿಗೆ, ಯಾವ ನೆಪಕ್ಕಾದರೂ ಸರಿ, ಭೇಟಿಯ ಮಾತೇ ಬೇಡ.

ಇನ್ನು ಜಾಗ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎಲ್ಲರ ಬಾಯಲ್ಲೂ ಬರುತ್ತವೆ. ಗೇಟಿನ ಬಳಿ ಜನ ಇರುತ್ತಾರೆ, ಒಳಗೆ ಹತ್ತು ನಿಮಿಷ ನಡೆದರೆ ಇಬ್ಬರೇ ಇರುತ್ತೀರಿ. ಚಿತ್ರದುರ್ಗದ ಕೋಟೆ ನಿಮ್ಮೂರಿಗೆ ಹತ್ತಿರವೇ, ಆದರೆ ಅಲ್ಲೂ ಅದೇ ಕಥೆ. ನಮ್ಮ ಸಲಹೆ ಮಲ್ಲೇಶ್ವರದ ಯಾವುದಾದರೂ ದರ್ಶಿನಿ. ನಗಬೇಡಿ. ದರ್ಶಿನಿಯಲ್ಲಿ ದುಡ್ಡು ಮೊದಲೇ ಕೌಂಟರಿನಲ್ಲಿ, ಆಮೇಲೆ ಕಾಫಿ ಕೈಗೆ. ಬಿಲ್ ಬರಲಿ ಎಂದು ಯಾರೂ ನಿಮ್ಮನ್ನು ಕೂರಿಸಿಕೊಳ್ಳಲಾಗದು, ನಿಂತೇ ಕುಡಿಯುವುದರಿಂದ ಹೊರಡುವುದೂ ಸಲೀಸು, ಸುತ್ತ ಯಾವಾಗಲೂ ಜನ. ಅರ್ಧ ಗಂಟೆ ಚೆನ್ನಾಗಿ ಹೋದರೆ ಮುಂದೆ ಕೂತು ಊಟ ಮಾಡುವ ಹೋಟೆಲ್ ಹುಡುಕಿಕೊಳ್ಳಿ, ಅದನ್ನೂ ನೀವೇ ಆರಿಸಿ.

ಗಂಡು ಓದುಗರೂ ಇಲ್ಲಿ ಕಿವಿಗೊಡಬೇಕು. ಡೇಟಿಂಗ್ ಆ್ಯಪ್‌ನಲ್ಲಿ ಸಿಕ್ಕ ಹುಡುಗಿ ‘ಇದೇ ಕೆಫೆಗೆ ಬಾ’ ಎಂದು ಹಟ ಹಿಡಿಯುವುದು, ದರವಿಲ್ಲದ ಮೆನು, ಆಕೆ ನಡುವೆ ಎದ್ದುಹೋದ ಮೇಲೆ ಸಾವಿರಾರು ರೂಪಾಯಿ ಬಿಲ್, ಬಾಗಿಲಲ್ಲಿ ದಾಂಡಿಗರು: ದೊಡ್ಡ ನಗರಗಳಲ್ಲಿ ಇದೊಂದು ದಂಧೆ. ಜಾಗ ಆರಿಸುವ ಹಕ್ಕು ಎದುರಿನವರಿಗೆ ಪೂರ್ತಿ ಬಿಟ್ಟುಕೊಟ್ಟವರೇ ಇದರಲ್ಲಿ ಬೀಳುವುದು.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ನಸುಕಿನಲ್ಲಿ ಹೊರಟು, ಹನ್ನೆರಡಕ್ಕೆ ಭೇಟಿ, ಮೂರು ಗಂಟೆಗೆಲ್ಲ ವಾಪಸ್ ಬಸ್ ಎಂದು ಲೆಕ್ಕ ಹಾಕಿ. ರೈಲಾದರೆ ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿದು ಮಲ್ಲೇಶ್ವರಕ್ಕೆ ಹತ್ತಿರದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣಕ್ಕೆ. ಬಸ್ಸಾದರೆ ಮೆಜೆಸ್ಟಿಕ್‌ನಿಂದ ಅದು ಒಂದೇ ನಿಲ್ದಾಣ. ಹೋಗುವಾಗಲೂ ಬರುವಾಗಲೂ ‘ನಾನೇ ಕರೆದೊಯ್ಯುತ್ತೇನೆ, ನಾನೇ ಬಿಡುತ್ತೇನೆ’ ಎಂದರೆ ಬೇಡ ಎನ್ನಿ. ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸಾರಿಗೆ ಬಸ್‌ಗೆ ನಿಮಗೆ ಟಿಕೆಟ್ ದುಡ್ಡಿಲ್ಲ. ಹನ್ನೆರಡೂವರೆಗೇ ಬೇಸತ್ತು ಎದ್ದರೂ ಮೆಜೆಸ್ಟಿಕ್‌ಗೆ ಬಂದು ಮುಂದಿನ ಕೆಂಪು ಬಸ್ ಹತ್ತಬಹುದು. ಕಂಡಕ್ಟರಿಗೆ ತೋರಿಸುವ ಆಧಾರ್ ಕಾರ್ಡು ಬ್ಯಾಗಿನ ಒಳಖಾನೆಯಲ್ಲೇ ಇರಲಿ, ಬೇರೆ ಯಾರ ಕೈಗೂ ಹೋಗುವುದು ಬೇಡ.

ಮನೆಯಲ್ಲಿ ಹೇಳುವುದು, ಬಿಡುವುದು ನಿಮ್ಮ ವಿವೇಚನೆ. ಆದರೆ ಯಾರಿಗೂ ಹೇಳದೆ ಹೋಗುವುದನ್ನು ನಾವು ಒಪ್ಪುವುದಿಲ್ಲ. ಒಬ್ಬ ಗೆಳತಿಗೆ ಆತನ ಹೆಸರು, ನಂಬರ್, ಫೋಟೊ, ಹೋಟೆಲಿನ ಹೆಸರು ಕಳಿಸಿಡಿ. ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಬಗೆ ಇದೆ, ಎಂಟನ್ನೇ ಒತ್ತಿ. ಫೋನ್ ಆರಿದರೆ ಅದೂ ನಿಲ್ಲುತ್ತದೆ, ಪವರ್ ಬ್ಯಾಂಕ್ ಮರೆಯಬೇಡಿ. ಹನ್ನೆರಡೂವರೆಗೆ ಗೆಳತಿ ಕಾಲ್ ಮಾಡಲಿ. ‘ಪಾಪುಗೆ ಜ್ವರ ಇಳೀತಾ?’ ಎಂದು ನೀವು ಕೇಳಿದರೆ ಆಕೆ ತಕ್ಷಣ ‘ಬೇಗ ಬಾರೆ, ಆಸ್ಪತ್ರೆಗೆ ಹೋಗಬೇಕು’ ಎನ್ನಬೇಕು. ಇಬ್ಬರೂ ಮೊದಲೇ ಮಾತಾಡಿಕೊಂಡಿರಿ. ನಿಜವಾದ ಅಪಾಯ ಕಂಡರೆ ಈ ನಾಟಕವೆಲ್ಲ ಬೇಡ, 112ಕ್ಕೆ ಕರೆ ಮಾಡಿ.

ಒಂಬತ್ತು ತಿಂಗಳಲ್ಲಿ ಖಾಸಗಿ ಫೋಟೊ ಹೋಗಿದ್ದು, ಅದನ್ನು ಮುಂದಿಟ್ಟು ಫ್ಲ್ಯಾಟ್‌ಗೆ ಕರೆಯುತ್ತಿದ್ದರೆ ಮಾತೇ ಬೇರೆ. ಹೋಗಬೇಡಿ, ಹಣವನ್ನೂ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಚಾಟ್ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಹಣ ಈಗಾಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು.

ಆತನಿಗೆ ಇವತ್ತೇ ಹೀಗೆ ಬರೆಯಿರಿ: ‘ಭಾನುವಾರ ಹನ್ನೆರಡಕ್ಕೆ ಮಲ್ಲೇಶ್ವರದಲ್ಲಿ ಕಾಫಿ. ಮೂರಕ್ಕೆ ನನ್ನ ಬಸ್ಸು.’ ‘ಆಯ್ತು’ ಎಂದರೆ ಒಳ್ಳೆಯದು. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮುನಿಸಿಕೊಂಡರೆ, ಅಥವಾ ದಿನ ಒಪ್ಪಿ ಕೊನೇ ಗಳಿಗೆಯಲ್ಲಿ ಜಾಗ ಬದಲಿಸಿದರೆ, ಬಸ್ ಹತ್ತಬೇಡಿ. ಮೆಜೆಸ್ಟಿಕ್ ತಲುಪಿದ ಮೇಲೆ ಬದಲಿಸಿದರೂ ಅಷ್ಟೇ, ವಾಪಸ್ ಹೊರಡಿ.

ಎದುರು ಕಂಡಾಗ ಮಾತು ತಡವರಿಸಿದರೆ ಗಾಬರಿ ಬೇಡ. ಬರಹದಲ್ಲಿ ವಾಚಾಳಿಯಾದವರು ಎದುರಿಗೆ ಮೂಕರಾಗುವುದು ಸಾಮಾನ್ಯ. ಮದುವೆ ಮಾತು ಅವತ್ತೇ ಎತ್ತಿದರೆ ‘ಯೋಚಿಸಿ ಹೇಳ್ತೀನಿ’ ಎನ್ನಿ. ಇಷ್ಟವಾಗದಿದ್ದರೆ ಊರಿಗೆ ಬಂದ ಮೇಲೆ ಎರಡು ಸಾಲಿನಲ್ಲಿ ತಿಳಿಸಿ. ಕಾರಣ ಕೊಡಬೇಕಿಲ್ಲ.

ಉಡುಗೊರೆ ವಿಷಯ: ವಾಚು, ಶರ್ಟು ಬೇಡ, ಮೊದಲ ದಿನವೇ ಋಣದ ಭಾರ ಯಾಕೆ? ಊರಿನ ಮಂಡಕ್ಕಿ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ. ಆತ ಇಷ್ಟವಾಗದಿದ್ದರೆ ವಾಪಸ್ ಬಸ್ಸಿನಲ್ಲಿ ನೀವೇ ತಿನ್ನಬಹುದು.

— ಸಂಪಾದಕರು