ಹಳೇ ಲೆಕ್ಕ, ಹೊಸ ಕಂಪ್ಯೂಟರ್

ತುಮಕೂರಿನ ನಮ್ಮ ರಿಪೇರಿ ಅಂಗಡಿಯಿಂದ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಒಂದೇ ದೂರು. ಹೊಸ ಕಂಪ್ಯೂಟರ್ ತಂದೆವು, ಹಳೇ ಸಾಫ್ಟ್‌ವೇರ್ ಓಡುತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಬಿ.ಎಚ್. ರಸ್ತೆಯ ನಮ್ಮ ಅಂಗಡಿಗೂ ಇದೇ ಗೋಳು ಹೊತ್ತು ಬರುವವರಿದ್ದಾರೆ. ಬರುವಷ್ಟರಲ್ಲಿ ಎಲ್ಲರೂ ಹಳೇ ವಿಂಡೋಸ್‌ನಂತೆ ನಟಿಸುವ ‘ಕಂಪ್ಯಾಟಿಬಿಲಿಟಿ ಮೋಡ್’ ಒತ್ತಿ ನೋಡಿರುತ್ತಾರೆ. ಅದೇನು ಎಲ್ಲ ಜ್ವರಕ್ಕೂ ಆಗುವ ಒಂದೇ ಮಾತ್ರೆಯಲ್ಲ. ಹಳೆಯದಾಗಿರುವುದು ಪ್ರೋಗ್ರಾಮೋ, ಅದು ಕೂತಿರುವ ಜಾಗವೋ, ಫಾಂಟೋ ಅಂತ ಮೊದಲು ನೋಡಬೇಕು.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ತಂದೆಯವರ ಕಾಲದಲ್ಲಿ ಫಾಕ್ಸ್‌ಪ್ರೋದಲ್ಲಿ ಬರೆಸಿದ ಡಾಸ್ ಲೆಕ್ಕದ ಪ್ರೋಗ್ರಾಂ ವಿಂಡೋಸ್ 7ರಲ್ಲಿ ಚೆನ್ನಾಗಿ ಓಡುತ್ತಿತ್ತು. ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಹಾಕಿದರೆ ‘ಈ ಆಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಅನ್ನುತ್ತದೆ. ಬರೆದುಕೊಟ್ಟವರು ಈಗ ಇಲ್ಲ. ರೈತರ ಬಾಕಿ, ಮುಂಗಡ ಎಲ್ಲ ಅದರಲ್ಲೇ ಇದೆ. ಕಂಪ್ಯಾಟಿಬಿಲಿಟಿಯಲ್ಲಿ ಎಕ್ಸ್‌ಪಿ ಮೋಡ್ ಕೊಟ್ಟರೂ ಆಗಲಿಲ್ಲ.

ಉತ್ತರ: ಎಕ್ಸ್‌ಪಿ ಮೋಡ್ ಕೊಟ್ಟರೆ ಆಗುವುದೂ ಇಲ್ಲ, ಸುಮ್ನೆ ಹೊತ್ತು ಕಳೆಯಬೇಡಿ. ಆ ಮೋಡ್ ಮಾಡುವ ಕೆಲಸ ಇಷ್ಟೇ: ‘ನೀನು ಎಕ್ಸ್‌ಪಿಯಲ್ಲೇ ಇದ್ದೀಯ’ ಅಂತ ಪ್ರೋಗ್ರಾಂಗೆ ಸುಳ್ಳು ಹೇಳುತ್ತದೆ. ನಿಮ್ಮ ತೊಂದರೆ ಬೇರೆ. ನಿಮ್ಮದು 16 ಬಿಟ್ ಪ್ರೋಗ್ರಾಂ, ಅಂದರೆ ಡಾಸ್ ಕಾಲದ ಹಳೇ ಬಗೆಯದು. 32 ಬಿಟ್ ವಿಂಡೋಸ್ ಒಳಗೆ ಇಂಥವನ್ನು ಓಡಿಸಲು ಎನ್‌ಟಿವಿಡಿಎಂ ಎಂಬ ಭಾಗ ಇತ್ತು. 64 ಬಿಟ್ ವಿಂಡೋಸ್‌ನಲ್ಲಿ ಅದು ಇಲ್ಲವೇ ಇಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ ಮಾತ್ರ. ನಿಮ್ಮ ಹಳೇ ವಿಂಡೋಸ್ 7 ಖಂಡಿತ 32 ಬಿಟ್ ಇರಬೇಕು, ಅದಕ್ಕೇ ಇಷ್ಟು ವರ್ಷ ಗೊತ್ತಾಗಲಿಲ್ಲ.

ಪ್ರೋಗ್ರಾಂ ವಿಚಾರ ಆಮೇಲೆ, ಮೊದಲು ಲೆಕ್ಕ. ಹಳೇ ಕಂಪ್ಯೂಟರಿನಿಂದ ಆ ಇಡೀ ಫೋಲ್ಡರನ್ನು ಎರಡು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಬೇಕಾದ ಫೈಲು ಮಾತ್ರ ಆರಿಸಬೇಡಿ, ಇಡಿಯಾಗಿ ತೆಗೆಯಿರಿ. ಒಳಗೆ ಡಿಬಿಎಫ್ ಅಂತ ಕೊನೆಯಾಗುವ ಫೈಲುಗಳು ಕಾಣುತ್ತವೆ. ನಿಮ್ಮ ಬಾಕಿ, ಮುಂಗಡ ಇರುವುದು ಅವುಗಳಲ್ಲೇ. ಕಾಪಿ ಮಾಡಿದ್ದರಲ್ಲಿ ಒಂದನ್ನು ಎಕ್ಸೆಲ್ ಥರದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ರೈತರ ಹೆಸರು, ಮೂಟೆ, ತೂಕ, ದರ ಸಾಲಾಗಿ ಬಂದು ಕೂತರೆ ಎದೆ ಮೇಲಿನ ಭಾರ ಅರ್ಧ ಇಳಿದ ಹಾಗೆ. ಆದರೆ ಅಲ್ಲಿ ತಿದ್ದಿ ಸೇವ್ ಮಾಡಬೇಡಿ. ಪಕ್ಕದಲ್ಲಿರುವ, ಹೆಸರು ಹುಡುಕಲು ಬಳಸುವ ಇಂಡೆಕ್ಸ್ ಫೈಲಿಗೂ ಅದಕ್ಕೂ ತಾಳ ತಪ್ಪಿ, ಆಮೇಲೆ ಪ್ರೋಗ್ರಾಮಿನಲ್ಲಿ ಹುಡುಕಿದ ಹೆಸರು ಸಿಗದೆ ಹೋಗಬಹುದು.

ಪ್ರೋಗ್ರಾಂ ಓಡಿಸಲು, ವಿಂಡೋಸ್ ಒಳಗೇ ಡಾಸ್ ಕಂಪ್ಯೂಟರಿನಂತೆ ನಟಿಸುವ ಡಾಸ್‌ಬಾಕ್ಸ್-ಎಕ್ಸ್ ಹಾಕಿಕೊಳ್ಳಿ. ಪುಕ್ಕಟೆ ಸಿಗುತ್ತದೆ. ಬರೀ ಡಾಸ್‌ಬಾಕ್ಸ್ ಇದೆಯಲ್ಲ, ಅದು ಹುಡುಗರ ಹಳೇ ಗೇಮ್‌ಗಳಿಗೆ ಅಂತ ಮಾಡಿದ್ದು. ಅದರಲ್ಲಿ ಪ್ರಿಂಟಿಂಗ್ ಬರುವುದಿಲ್ಲ, ಮಂಡಿಗೆ ಉಪಯೋಗವಿಲ್ಲ. ಫೋಲ್ಡರಿನ ಹೆಸರು ಇಂಗ್ಲಿಷಿನಲ್ಲಿ 8 ಅಕ್ಷರ ದಾಟದಿರಲಿ, ನಡುವೆ ಜಾಗ ಬಿಡಬೇಡಿ. ಮೌಂಟ್ ಆಜ್ಞೆ ಕೊಟ್ಟು ಆ ಫೋಲ್ಡರನ್ನೇ ಸಿ ಡ್ರೈವ್ ಅಂತ ತೋರಿಸಿ, ಮಾಮೂಲಿನಂತೆ ಪ್ರೋಗ್ರಾಮಿನ ಹೆಸರು ಒತ್ತಿ.

ಬಿಲ್ಲಿನ ವಿಷಯಕ್ಕೆ ಬಂದರೆ, ನಿಮ್ಮ ಪ್ರೋಗ್ರಾಂ ನೇರವಾಗಿ ಎಲ್‌ಪಿಟಿ1 ಎಂಬ ಪೋರ್ಟಿಗೆ ಬರೆಯುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಅಗಲವಾದ ಪೋರ್ಟೇ ಇಲ್ಲ ಅಲ್ವಾ? ಡಾಸ್‌ಬಾಕ್ಸ್-ಎಕ್ಸ್ ಸೆಟ್ಟಿಂಗಿನಲ್ಲಿ ಮೊದಲ ಪ್ಯಾರಲಲ್ ಪೋರ್ಟಿಗೆ ‘ಪ್ರಿಂಟರ್’ ಅಂತ, ‘ಪ್ರಿಂಟ್‌ಔಟ್‌ಪುಟ್’ ಎಂಬಲ್ಲೂ ‘ಪ್ರಿಂಟರ್’ ಅಂತ ಕೊಟ್ಟರೆ, ಅದು ಬಿಲ್ಲನ್ನು ನಡುವೆ ಹಿಡಿದು ವಿಂಡೋಸ್‌ನ ಪ್ರಿಂಟರಿಗೆ ದಾಟಿಸುತ್ತದೆ. ಡಾಟ್ ಮ್ಯಾಟ್ರಿಕ್ಸ್ ಮೊದಲಿನ ಹಾಗೆ ಸರಸರ ಹೊಡೆಯದೆ ಚಿತ್ರ ಬಿಡಿಸಿದಂತೆ ನಿಧಾನವಾಗಿ ಹೊಡೆದೀತು, ಗಾಬರಿ ಬೇಡ. ಕಾಗದದ ಅಳತೆಯನ್ನು ನಿಮ್ಮ ಬಿಲ್ಲಿಗೆ ಸರಿಯಾಗಿ ಕೊಡಿ, ಇಲ್ಲದಿದ್ದರೆ ಒಂದೊಂದು ಬಿಲ್ಲಿಗೂ ಖಾಲಿ ಹಾಳೆ ಹೊರಗೆ ಬರುತ್ತದೆ.

ಒಂದು ವಾರ ಎರಡೂ ಕಂಪ್ಯೂಟರಿನಲ್ಲಿ ಲೆಕ್ಕ ಬರೆದು ತಾಳೆ ನೋಡಿ. ಅಲ್ಲಿಯವರೆಗೆ ಹಳೆಯದನ್ನು ಗುಜರಿಯವನಿಗೆ ಕೊಡಬೇಡಿ.

ಪ್ರಶ್ನೆ: ಸರ್, ನಾವು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳು. ಗೂಡಿನ ಖರೀದಿ, ನೂಲಿನ ಮಾರಾಟಕ್ಕೆ ಒಂದು ವಿಬಿ ಸಾಫ್ಟ್‌ವೇರ್ ಇದೆ. ಹೊಸ ಕಂಪ್ಯೂಟರಿನಲ್ಲಿ ಓಡುತ್ತದೆ. ಆದರೆ ಅಣ್ಣ ಲಾಗಿನ್ ಆದರೆ ಒಂದು ಬಾಕಿ, ನಾನು ಲಾಗಿನ್ ಆದರೆ ಇನ್ನೊಂದು ಬಾಕಿ ತೋರಿಸುತ್ತದೆ. ಮನೆಯಲ್ಲಿ ಜಗಳವೇ ಆಗಿಹೋಯಿತು. ವೈರಸ್ ಇರಬಹುದಾ?

ಉತ್ತರ: ವೈರಸ್ ಅಲ್ಲ, ಅಣ್ಣನ ತಪ್ಪೂ ಅಲ್ಲ. ಮೊದಲು ರಾಜಿಯಾಗಿ.

ನಿಮ್ಮದು ವಿಷುಯಲ್ ಬೇಸಿಕ್ 6ರಲ್ಲಿ ಮಾಡಿದ ಪ್ರೋಗ್ರಾಂ ಇರಬೇಕು. ಇದು 32 ಬಿಟ್, ಹಾಗಾಗಿ ವಿಂಡೋಸ್ 11ರಲ್ಲೂ ಓಡುತ್ತದೆ. ಎಡವಟ್ಟು ಇರುವುದು ಅದು ಕೂತಿರುವ ಜಾಗದಲ್ಲಿ. ಆಗಿನ ಪ್ರೋಗ್ರಾಂಗಳು ಲೆಕ್ಕದ ಫೈಲನ್ನೂ ಪ್ರೋಗ್ರಾಂ ಫೈಲ್ಸ್ ಫೋಲ್ಡರ್ ಒಳಗೇ ಇಡುತ್ತಿದ್ದವು. ವಿಂಡೋಸ್ ವಿಸ್ಟಾ ಬಂದಾಗಿನಿಂದ ಅಲ್ಲಿ ಬರೆಯಲು ಸಾಮಾನ್ಯ ಲಾಗಿನ್‌ಗಳಿಗೆ ಅನುಮತಿ ಇಲ್ಲ. ಹಾಗಂತ ಹಳೇ ಪ್ರೋಗ್ರಾಂ ನಿಂತುಹೋಗಬಾರದಲ್ಲ? ಅದಕ್ಕೆ ವಿಂಡೋಸ್ ಒಂದು ಒಳದಾರಿ ಮಾಡಿತು. ಬರೆಯಲು ಹೋದಾಗ ಸದ್ದಿಲ್ಲದೆ ಫೈಲಿನ ಒಂದು ನಕಲು ಮಾಡಿ, ಲಾಗಿನ್ ಆದವರ ಸ್ವಂತ ಫೋಲ್ಡರಿನಲ್ಲಿ ಇಡುತ್ತದೆ. ಅಣ್ಣನಿಗೆ ಅಣ್ಣನ ನಕಲು, ನಿಮಗೆ ನಿಮ್ಮ ನಕಲು. ಯಾರಾದರೂ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಒತ್ತಿದ್ದರೆ ಅದು ಮೂಲ ಫೈಲಿಗೇ ಬರೆದಿರುತ್ತದೆ. ಅಂದರೆ ಮೂರನೇ ಲೆಕ್ಕವೂ ಇರಬಹುದು, ನೋಡಿಕೊಳ್ಳಿ!

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಬಚ್ಚಿಟ್ಟ ಫೈಲುಗಳು ಕಾಣುವಂತೆ ಮಾಡಿ. ಸಿ ಡ್ರೈವ್, ಯೂಸರ್ಸ್, ಅಣ್ಣನ ಹೆಸರು, ಆಪ್‌ಡೇಟಾ, ಲೋಕಲ್, ವರ್ಚುಯಲ್‌ಸ್ಟೋರ್. ಹೀಗೆ ಒಂದರೊಳಗೊಂದು ಹೋದರೆ ಅಲ್ಲೊಂದು ಪ್ರೋಗ್ರಾಂ ಫೈಲ್ಸ್ ಸಿಗುತ್ತದೆ, ಅದರೊಳಗೆ ನಿಮ್ಮ ಸಾಫ್ಟ್‌ವೇರಿನ ಲೆಕ್ಕ ಇರುವ, ಎಂಡಿಬಿ ಅಂತ ಕೊನೆಯಾಗುವ ಫೈಲು. ನಿಮ್ಮ ಹೆಸರಿನ ಕೆಳಗೂ ಇದೇ ದಾರಿ. ಎಲ್ಲದರ ಬ್ಯಾಕಪ್ ತೆಗೆದು, ಯಾವುದರಲ್ಲಿ ಜಾಸ್ತಿ ಬಿಲ್ಲುಗಳಿವೆಯೋ ಅದನ್ನು ಅಸಲು ಅಂತ ಇಟ್ಟುಕೊಳ್ಳಿ. ಇನ್ನೊಂದರಲ್ಲಿ ಇರುವುದನ್ನು ಕೂತು ಕೈಯಾರೆ ಸೇರಿಸಬೇಕು. ಎರಡನ್ನೂ ತಾನಾಗಿ ಕೂಡಿಸುವ ಬಟನ್ ಇಲ್ಲ. ಅಣ್ಣ ಓದಿ ಹೇಳಲಿ, ನೀವು ಒತ್ತಿ.

ಆಮೇಲೆ ಸಾಫ್ಟ್‌ವೇರನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ. ಜಾಗ ಕೇಳಿದಾಗ ಪ್ರೋಗ್ರಾಂ ಫೈಲ್ಸ್ ಬಿಟ್ಟು, ಸಿ ಡ್ರೈವ್‌ನಲ್ಲೇ ಹೊಸ ಫೋಲ್ಡರ್ ಕೊಡಿ. ಅಸಲು ಫೈಲನ್ನು ಅಲ್ಲಿಗೆ ಹಾಕಿ, ವರ್ಚುಯಲ್‌ಸ್ಟೋರಿನ ನಕಲುಗಳನ್ನು ಅಳಿಸಿ. ಇನ್ನು ಮುಂದೆ ಯಾರು ಲಾಗಿನ್ ಆದರೂ ಒಂದೇ ಬಾಕಿ.

ಪ್ರಶ್ನೆ: ಕೋಲಾರದಲ್ಲಿ ಚಿಕ್ಕ ಪ್ರೆಸ್ ನಡೆಸುತ್ತೇನೆ. ‘ನುಡಿ’ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟ ಹಳೇ ಲಗ್ನಪತ್ರಿಕೆಗಳು ಹೊಸ ಕಂಪ್ಯೂಟರಿನಲ್ಲಿ ಏನೇನೋ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್ ಫೈಲುಗಳ ಗತಿ ಏನು?

ಉತ್ತರ: ‘ಕ’ ಇರಬೇಕಾದ ಕಡೆ ದೊಡ್ಡ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ ಕಾಣುತ್ತಿದೆಯಾ? ಹಾಗಿದ್ದರೆ ಫೈಲು ಕೆಟ್ಟಿಲ್ಲ. ನುಡಿಯ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಹೊರಗೆ ಬರುತ್ತದೆ, ಅಷ್ಟೇ. ಹಳೇ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತಂದು ಹಾಕಿ. ನಿರ್ಮಲ, ತುಂಗಾ ಕೊಟ್ಟರೆ ಆಗದು, ಅವು ಯೂನಿಕೋಡ್ ಫಾಂಟುಗಳು, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಜಾಗ ಇರುವಂಥವು.

ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗಳಿವೆ. ಆದರೆ ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ಪ್ರೂಫ್ ನೋಡಿ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ವರನ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಹಾಕಿದ ಡಿಗ್ರಿ ಏನಾಗಿದೆ ಅಂತ ಮೊದಲು ನೋಡಿ. ಬೀಗರು ನೋಡುವುದೂ ಅದನ್ನೇ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಬರುವುದಿಲ್ಲ. ಆ ಫೈಲುಗಳನ್ನು ಇನ್‌ಡಿಸೈನ್ ಎಂಬ ಪುಟ ಜೋಡಿಸುವ ಇನ್ನೊಂದು ಸಾಫ್ಟ್‌ವೇರ್ ತೆರೆಯುತ್ತಿತ್ತು, ಆದರೆ ಸಿಎಸ್6ರವರೆಗೆ ಮಾತ್ರ. ನನ್ನನ್ನು ಕೇಳಿದರೆ ಹಳೇ ಕೆಲಸಕ್ಕೆ ಹಳೇ ಕಂಪ್ಯೂಟರ್ ಇರಲಿ, ನೆಟ್ ವೈರ್ ಕಿತ್ತುಬಿಡಿ. ಹೊಸ ಪತ್ರಿಕೆಗಳನ್ನು ಯೂನಿಕೋಡ್‌ನಲ್ಲೇ ಶುರು ಮಾಡಿ.

ಪ್ರಶ್ನೆ: ಶಾಲೆಯ ಹಳೇ ಪಾಠದ ಸಿಡಿ ಹಾಕಿದರೆ ಫ್ಲ್ಯಾಶ್ ಪ್ಲೇಯರ್ ಕೇಳುತ್ತದೆ. ಎಲ್ಲಿ ಸಿಗುತ್ತದೆ? (ಶಿಕ್ಷಕಿ, ಮಧುಗಿರಿ)

ಉತ್ತರ: ಹುಡುಕಬೇಡಿ ಮೇಡಂ. 2020ರ ಡಿಸೆಂಬರ್ 31ಕ್ಕೇ ಅದರ ಕಥೆ ಮುಗಿಯಿತು. ಈಗ ಫ್ಲ್ಯಾಶ್ ಅಂತ ಡೌನ್‌ಲೋಡ್ ಕೊಡುವ ಅಪರಿಚಿತ ಜಾಗಗಳನ್ನು ನಂಬಬೇಡಿ. ಸಿಡಿಯ ಒಳಗೆ ಎಸ್‌ಡಬ್ಲ್ಯುಎಫ್ ಅಂತ ಕೊನೆಯಾಗುವ ಫ್ಲ್ಯಾಶ್ ಫೈಲುಗಳಿದ್ದರೆ ‘ರಫಲ್’ ಎಂಬ ಪುಕ್ಕಟೆ ಪ್ಲೇಯರ್‌ನಲ್ಲಿ ತೆರೆದು ನೋಡಿ. ಎಲ್ಲ ಪಾಠಗಳೂ ಓಡುತ್ತವೆ ಅಂತ ಹೇಳಲಾರೆ. ಓಡಿದವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಸಿಡಿ ಡ್ರೈವ್ ಇರುವ ಕಂಪ್ಯೂಟರ್ ಇನ್ನೆಷ್ಟು ದಿನ ಸಿಗುತ್ತದೋ.