ಕೆಲಸ, ಮನೆ, ಪ್ರಯಾಣದ ನಡುವೆ ಟ್ಯಾಬ್‌ನಲ್ಲಿ ಚಿತ್ರ ಬಿಡಿಸುವುದು ಸಾಧ್ಯವೇ?

ಶಾಲೆಯಲ್ಲಿದ್ದಾಗ ಚೆನ್ನಾಗಿ ಚಿತ್ರ ಬಿಡಿಸುತ್ತಿದ್ದೆ, ಈಗ ಕಚೇರಿ, ಮೆಟ್ರೊ ಪ್ರಯಾಣ, ಐದು ವರ್ಷದ ಮಗ ಇವುಗಳ ನಡುವೆ ಬಣ್ಣ, ಕುಂಚ ಹರಡಿಕೊಂಡು ಕೂರಲು ಬಿಡುವಿಲ್ಲ ಎಂದು ಬರೆದಿದ್ದೀರಿ. ಟ್ಯಾಬ್ ಕೊಂಡಿದ್ದೀರಿ, ಆದರೆ ಅದರಲ್ಲಿ ಬಿಡಿಸಿದ್ದು ನಿಜವಾದ ಚಿತ್ರ ಎನಿಸುತ್ತಿಲ್ಲ, ಬಿಡಿಸಲು ಹೊತ್ತೂ ಸಿಗುತ್ತಿಲ್ಲ, ಸಿಕ್ಕರೆ ಮಗ ಟ್ಯಾಬ್ ಕಿತ್ತುಕೊಳ್ಳುತ್ತಾನೆ ಎಂಬುದು ನಿಮ್ಮ ಅಳಲು. ನಾನೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಲೇ ಮೊಬೈಲು, ಟ್ಯಾಬುಗಳಲ್ಲಿ ಚಿತ್ರ ಬಿಡಿಸುವವಳು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ‘ನಿಜವಾದ ಚಿತ್ರ’ದ ಸಂಶಯ. ‘ನ್ಯೂಯಾರ್ಕರ್’ ಪತ್ರಿಕೆಯ 2009ರ ಜೂನ್ 1ರ ಸಂಚಿಕೆಯ ಮುಖಪುಟವನ್ನು ಹೋರ್ಹೆ ಕೊಲಂಬೊ ಎಂಬ ಕಲಾವಿದ ಐಫೋನಿನಲ್ಲಿ ಬಿಡಿಸಿದ್ದರು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿ ರಾತ್ರಿ ಹೊತ್ತು ರಸ್ತೆಬದಿಯ ತಿಂಡಿ ಗಾಡಿಯೊಂದನ್ನು ನೋಡುತ್ತ, ಬೆರಳಲ್ಲೇ ಬಿಡಿಸಿದ ಚಿತ್ರ ಅದು. ಅದೇ ಕಾಲಕ್ಕೆ ಇಂಗ್ಲೆಂಡಿನ ಡೇವಿಡ್ ಹಾಕ್ನಿ, ಆಗಲೇ ಎಪ್ಪತ್ತು ದಾಟಿದ್ದ ಹೆಸರಾಂತ ವರ್ಣಚಿತ್ರಕಾರ, ಹಾಸಿಗೆಯಿಂದ ಏಳುವ ಮೊದಲೇ ಕಿಟಕಿಯಾಚೆಯ ಸೂರ್ಯೋದಯವನ್ನು ಫೋನಿನಲ್ಲಿ ಬಿಡಿಸಿ ಗೆಳೆಯರಿಗೆ ಕಳಿಸುತ್ತಿದ್ದರು. ದೀಪ ಹಾಕಿದರೆ ಮುಂಜಾವಿನ ಬಣ್ಣ ಕೆಡುತ್ತದೆ, ಹಾಕದಿದ್ದರೆ ಕಾಗದ ಕಾಣುವುದಿಲ್ಲ. ಫೋನಿಗೆ ಅದರದೇ ಬೆಳಕಿದೆ. 2011ರಲ್ಲಿ ಯಾರ್ಕ್‌ಷೈರಿನ ಒಂದು ಹಳ್ಳಿರಸ್ತೆಗೆ ವಸಂತ ಬರುವುದನ್ನು ಅವರು ಐಪ್ಯಾಡಿನಲ್ಲಿ ಚಿತ್ರಿಸಿದರು. ಆ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಗೋಡೆಗಳ ಮೇಲೆ ತೂಗುಹಾಕಲಾಯಿತು. ಇವರಿಬ್ಬರೂ ಕಾಗದ, ಕ್ಯಾನ್ವಾಸ್ ಬಲ್ಲವರು. ಕಾಗದದಲ್ಲಿ ಆಗದ ಒಂದು ಕೆಲಸ ಇಲ್ಲಿ ಆಗುತ್ತದೆಂದು ಕಂಡುಕೊಂಡು ಇದನ್ನು ಹಿಡಿದರು. ನೀವೂ ಅದನ್ನೇ ಹುಡುಕಿಕೊಳ್ಳಬೇಕು. ಟ್ಯಾಬಿನಲ್ಲಿ ಜಲವರ್ಣದ ನಕಲು ಮಾಡಲು ಹೊರಟರೆ ಅದು ಎಂದಿಗೂ ಜಲವರ್ಣದಂತೆ ಕಾಣುವುದಿಲ್ಲ, ನಿಮಗೆ ಬೇಸರವೂ ಕಳೆಯುವುದಿಲ್ಲ.

ಹೊತ್ತಿನ ವಿಷಯ. ಚಿತ್ರಕ್ಕೆಂದು ಒಂದು ಗಂಟೆ ಬಿಡುವು ಮಾಡಿಕೊಳ್ಳುವ ಯೋಚನೆ ಕೈಬಿಡಿ. ಕಾಯಲೇಬೇಕಾದ ಜಾಗಗಳು ದಿನದಲ್ಲಿ ಎಷ್ಟಿವೆ ನೋಡಿ: ಒಲೆಯ ಮುಂದೆ, ವೈದ್ಯರ ಕೊಠಡಿಯ ಹೊರಗೆ, ಶಾಲೆಯ ಗೇಟಿನ ಬಳಿ, ರೈಲಿನಲ್ಲಿ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಕಟ್ಟೆಯ ಮೇಲಿನ ಎರಡು ಟೊಮೆಟೊ, ಒಂದು ಚೊಂಬು ಬಿಡಿಸಬಹುದು. ಮೂರನೇ ಕೂಗಿಗೆ ನಿಲ್ಲಿಸಬೇಕು ಎಂಬ ಕಟ್ಟುಪಾಡು ತುಂಬಾ ಒಳ್ಳೆಯದು. ಚೊಂಬಿನ ಹೊಳಪು ಎಲ್ಲಿದೆ, ನೆರಳು ಯಾವ ಕಡೆಗೆ ಬಿದ್ದಿದೆ ಎಂಬುದಷ್ಟೇ ಮುಖ್ಯವಾಗಿ ಉಳಿದದ್ದು ತಾನಾಗಿ ಬಿಟ್ಟುಹೋಗುತ್ತದೆ.

ನೀವು ಜಯನಗರದಿಂದ ಮೆಜೆಸ್ಟಿಕ್ ಕಡೆಗೆ ಹೋಗುವುದಾಗಿ ಹೇಳಿದ್ದೀರಿ. ಅದಕ್ಕಿಂತ ಒಳ್ಳೆಯ ಚಿತ್ರಶಾಲೆ ಸಿಗುವುದು ಕಷ್ಟ. ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ನಿಲ್ದಾಣಗಳವರೆಗೆ ಮೆಟ್ರೊದ ಹಸಿರು ಮಾರ್ಗ ಮೇಲ್ಸೇತುವೆಯ ಮೇಲಿದೆ. ಬೆಳಗಿನ ಬಿಸಿಲು ಪೂರ್ವದ ಕಿಟಕಿಗಳಿಂದ ಓರೆಯಾಗಿ ಒಳಗೆ ಬರುತ್ತದೆ. ನಿಂತವರ ಒಂದು ಕೆನ್ನೆ, ಒಂದು ಭುಜ ಮಾತ್ರ ಬೆಳಗಿ, ಮಿಕ್ಕದ್ದೆಲ್ಲ ಒಂದೇ ನೆರಳಾಗಿ ಕೂಡಿಕೊಂಡಿರುತ್ತದೆ. ನ್ಯಾಷನಲ್ ಕಾಲೇಜು ದಾಟಿ ರೈಲು ಸುರಂಗಕ್ಕೆ ಇಳಿಯುತ್ತಿದ್ದಂತೆ ಆ ಬಿಸಿಲು ಪೂರ್ತಿ ಹೋಗಿ, ಬೋಗಿಯ ಚಾವಣಿಯ ಬಿಳಿ ದೀಪವಷ್ಟೇ ಉಳಿಯುತ್ತದೆ. ಈಗ ಅದೇ ಮುಖದ ಹಣೆ ಮತ್ತು ಮೂಗಿನ ಮೇಲೆ ಬೆಳಕು. ಕಣ್ಣಿನ ಗುಳಿ, ಗದ್ದದ ಕೆಳಭಾಗ ಕಪ್ಪು. ಕಿಟಕಿಗಾಜು ಕನ್ನಡಿಯಾಗುತ್ತದೆ. ಒಂದೇ ಮನುಷ್ಯ, ಕೆಲವೇ ನಿಮಿಷ, ಎರಡು ಬೇರೆ ಚಿತ್ರಗಳು. ಒಂದನ್ನು ನ್ಯಾಷನಲ್ ಕಾಲೇಜಿನವರೆಗೆ ಬಿಡಿಸಿ, ಅಲ್ಲಿಗೆ ನಿಲ್ಲಿಸಿ, ಹೊಸ ಹಾಳೆ ತೆರೆದು ಮತ್ತೊಂದನ್ನು ಮೆಜೆಸ್ಟಿಕ್‌ವರೆಗೆ ಬಿಡಿಸಿ. ಹಿಂದಿನದನ್ನು ತಿದ್ದಬೇಡಿ.

ಬಿಡಿಸುವ ಕ್ರಮದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಹೊರಗೆರೆಯಿಂದ ಶುರುಮಾಡಬೇಡಿ. ಶಾಲೆಯಲ್ಲಿ ನಮಗೆಲ್ಲ ಮೊದಲು ಗೆರೆ, ಆಮೇಲೆ ಬಣ್ಣ ತುಂಬುವುದನ್ನು ಕಲಿಸಿದ್ದಾರೆ. ಓಡುವ ರೈಲಿನಲ್ಲಿ ಗೆರೆ ನಡುಗುತ್ತದೆ, ಬಿಡಿಸುವಷ್ಟರಲ್ಲಿ ಎದುರಿನವರು ತಲೆ ತಿರುಗಿಸಿರುತ್ತಾರೆ. ಬದಲಿಗೆ ಇಡೀ ಹಾಳೆಗೆ ಒಂದು ಮಧ್ಯಮ ಬೂದುಬಣ್ಣ ಸುರಿಯಿರಿ. ಪರದೆಯಲ್ಲಿ ಅದು ಒಂದು ತಟ್ಟಿನ ಕೆಲಸ. ಅದರ ಮೇಲೆ ಅಗಲವಾದ ಬ್ರಷ್‌ನಲ್ಲಿ ನೆರಳಿನ ಆಕಾರವನ್ನು ಒಟ್ಟಾಗಿ ಇಡಿ. ಕೂದಲು, ಕುತ್ತಿಗೆ, ಕಪ್ಪು ಚೀಲ ಎಂದು ಬೇರ್ಪಡಿಸಬೇಡಿ, ಕತ್ತಲಿರುವುದೆಲ್ಲ ಒಂದೇ ತೇಪೆ. ಆಮೇಲೆ ಬೆಳಕು ಬಿದ್ದ ಕಡೆ ತಿಳಿಬಣ್ಣ. ಮೂರು ಛಾಯೆಗಳಲ್ಲಿ ಮನುಷ್ಯ ಎದ್ದು ನಿಲ್ಲುತ್ತಾನೆ. ಗೆರೆ ಬೇಕೆನಿಸಿದರೆ ಕೊನೆಗೆ, ಅದೂ ಒಂದೆರಡು. ಹೀಗೆ ಕತ್ತಲಿನ ಮೇಲೆ ಬೆಳಕನ್ನು ಇಡುವುದು ಜಲವರ್ಣದಲ್ಲಿ ಸುಲಭವಲ್ಲ, ಅಲ್ಲಿ ಬಿಳಿಯನ್ನು ಮೊದಲೇ ಉಳಿಸಿಕೊಳ್ಳಬೇಕು. ಇಲ್ಲಿ ಅದು ಸಲೀಸು.

ಜೊತೆಗೆ ಒಂದೇ ಬ್ರಷ್, ಒಂದೇ ಲೇಯರ್ (ಒಂದರ ಮೇಲೊಂದು ಇಡಬಹುದಾದ ಪಾರದರ್ಶಕ ಹಾಳೆ) ಸಾಕು. ಆ್ಯಪ್‌ನಲ್ಲಿ ನೂರಾರು ಬ್ರಷ್‌ಗಳಿರುತ್ತವೆ. ಅವುಗಳನ್ನು ಪರೀಕ್ಷಿಸುವುದರಲ್ಲೇ ಪ್ರಯಾಣ ಮುಗಿಯುತ್ತದೆ. ಝೂಮ್ ಮಾಡಬೇಡಿ. ಹಿಗ್ಗಿಸಿ ಒಂದು ಕಣ್ಣಿನ ರೆಪ್ಪೆ ಬಿಡಿಸುವಷ್ಟರಲ್ಲಿ ಇಡೀ ದೇಹದ ಭಂಗಿ ಕೈತಪ್ಪುತ್ತದೆ. ತಪ್ಪಿದ ಗೆರೆಯನ್ನು ರದ್ದುಮಾಡುವ ಬದಲು ಅದರ ಪಕ್ಕದಲ್ಲೇ ಸರಿಯಾದ ಗೆರೆ ಹಾಕಿ, ಆಗ ಎಷ್ಟು ತಪ್ಪಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಬೆರಳು ತಟ್ಟಿದೊಡನೆ ಮಾಯವಾಗುವ ತಪ್ಪಿನಿಂದ ಕೈ ಏನನ್ನೂ ಕಲಿಯುವುದಿಲ್ಲ.

ಬಣ್ಣದ ಬಗ್ಗೆ ಹೇಳದೆ ಇರಲಾರೆ, ನನಗೆ ಈ ಅಭ್ಯಾಸದಲ್ಲಿ ಅತಿ ಪ್ರಿಯವಾದದ್ದು ಅದೇ. ಗಾಂಧಿ ಬಜಾರಿನ ಹೂವಿನ ಅಂಗಡಿಯೊಂದರ ಮುಂದೆ ನಿಲ್ಲಿ, ಮೇಲೆ ನೀಲಿ ಟಾರ್ಪಾಲಿನ್ ಕಟ್ಟಿರುವ ಕಡೆ. ಮಲ್ಲಿಗೆ ಬಿಳಿ ಎಂದು ಮನಸ್ಸು ಹೇಳುತ್ತದೆ. ಆದರೆ ಆ ನೆರಳಿನಲ್ಲಿ ಮಲ್ಲಿಗೆ ದಂಡೆಗಳು ನೀಲಿ ಬೆರೆತ ಬೂದುಬಣ್ಣಕ್ಕೆ ತಿರುಗಿರುತ್ತವೆ. ಟಾರ್ಪಾಲಿನ್ ಸೋಸಿ ಕಳಿಸುವ ಬೆಳಕಿನಲ್ಲಿ ಕೆಂಪು, ಕಿತ್ತಳೆಯ ಅಂಶ ಕಡಿಮೆ. ಹಾಗಾಗಿ ಚೆಂಡುಹೂವು ಮಂಕಾಗಿ ಕಂದುಬಣ್ಣಕ್ಕೆ ಹತ್ತಿರವಾಗಿರುತ್ತದೆ. ಎರಡು ಟಾರ್ಪಾಲಿನ್‌ಗಳ ಸಂದಿಯಿಂದ ಒಂದು ಪಟ್ಟಿ ಬಿಸಿಲು ಬುಟ್ಟಿಯ ಮೇಲೆ ಬಿದ್ದಿದ್ದರೆ, ಆ ಪಟ್ಟಿಯೊಳಗಿನ ಚೆಂಡುಹೂವು ನೆರಳಿನ ಮಲ್ಲಿಗೆಗಿಂತಲೂ ಬೆಳ್ಳಗೆ ಉರಿಯುತ್ತದೆ. ಮಲ್ಲಿಗೆಗೆ ಅಚ್ಚಬಿಳಿ ಬಳಿದರೆ ಆ ಬಿಸಿಲಿಗೆ ಜಾಗವೇ ಉಳಿಯುವುದಿಲ್ಲ, ಚಿತ್ರ ಸಪ್ಪೆಯಾಗುತ್ತದೆ.

ಇದನ್ನು ಪರದೆಯ ಮೇಲೆ ಮಾಡುವಾಗ ಮೊದಲು ಎಲ್ಲಕ್ಕೂ ಆ ನೀಲಿಬೂದು ಹಚ್ಚಿ. ಬಳಿಕ ಬಣ್ಣದ ಚಕ್ರದಲ್ಲಿ ಮಲ್ಲಿಗೆ, ಸೇವಂತಿಗೆ, ಎಲೆ, ಹೂವಾಡಗಿತ್ತಿಯ ಸೀರೆ ಎಲ್ಲವನ್ನೂ ಆ ನೀಲಿಬೂದಿನ ಆಸುಪಾಸಿನಲ್ಲೇ ಆರಿಸಿಕೊಳ್ಳಿ. ಹೊಳೆಯುವ ಬಣ್ಣವನ್ನು ಬಿಸಿಲಿನ ಪಟ್ಟಿಗೆಂದೇ ಕಾದಿಡಿ. ಫೋಟೊ ತೆಗೆದು, ಅದರಿಂದ ಬಣ್ಣ ಹೆಕ್ಕುವ ಸೌಲಭ್ಯ ಅನೇಕ ಆ್ಯಪ್‌ಗಳಲ್ಲಿ ಇದೆ. ದಯವಿಟ್ಟು ಅದನ್ನು ಬಳಸಬೇಡಿ. ಕ್ಯಾಮೆರಾ ನೆರಳನ್ನು ತನಗೆ ತೋಚಿದಂತೆ ಸರಿಪಡಿಸಿರುತ್ತದೆ; ಅಲ್ಲಿ ನಿಂತು ಕಣ್ಣು ಕಂಡದ್ದು ಅದರಲ್ಲಿರುವುದಿಲ್ಲ. ನೀವೇ ಊಹಿಸಿ ಆರಿಸಿದ ಬಣ್ಣ ಸ್ವಲ್ಪ ಆಚೀಚೆಯಾದರೂ ಪಕ್ಕದ ಬಣ್ಣದೊಂದಿಗೆ ಅದರ ಸಂಬಂಧ ಸರಿಯಿದ್ದರೆ ಬಿಸಿಲು ಬಿಸಿಲಿನಂತೆಯೇ ಕಾಣುತ್ತದೆ. ಒಂದು ಎಚ್ಚರಿಕೆ: ಕಣ್ಣಿಗೆ ತಂಪೆಂದು ಪರದೆಯನ್ನು ಹಳದಿಯಾಗಿಸುವ ವ್ಯವಸ್ಥೆಯನ್ನು ಬಿಡಿಸುವ ಹೊತ್ತಿನಲ್ಲಿ ಆಫ್ ಮಾಡಿಡಿ. ಇಲ್ಲದಿದ್ದರೆ ರಾತ್ರಿ ಸರಿಯೆನಿಸಿದ ಬಣ್ಣ ಬೆಳಿಗ್ಗೆ ನೋಡಿದಾಗ ಬೇರೆಯೇ ಆಗಿರುತ್ತದೆ.

ಸಲಕರಣೆಗೆ ಹೆಚ್ಚು ಖರ್ಚು ಬೇಡ. ಸ್ಕೆಚ್‌ಬುಕ್, ಐಬಿಸ್‌ಪೇಂಟ್ ಆ್ಯಪ್‌ಗಳನ್ನು ಹಣ ಕೊಡದೆಯೇ ಬಳಸಬಹುದು. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕ್ರಿಟಾ ಪೂರ್ತಿ ಉಚಿತ. ಪ್ರೊಕ್ರಿಯೇಟ್ ಐಪ್ಯಾಡ್ ಇದ್ದವರಿಗೆ ಮಾತ್ರ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಬೆರಳಿನ ಕೆಲಸವನ್ನೇ ಮಾಡುತ್ತದೆ, ಒತ್ತಡ ಅದಕ್ಕೆ ಗೊತ್ತಾಗುವುದಿಲ್ಲ. ಟ್ಯಾಬಿನ ಜೊತೆಗೇ ಬರುವ ಪೆನ್ನು ಒತ್ತಡ ಗುರುತಿಸುವಂಥದ್ದಾದರೆ ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ. ಎ4 ಅಳತೆಯಲ್ಲಿ ಚೊಕ್ಕವಾಗಿ ಮುದ್ರಿಸುವ ಆಸೆಯಿದ್ದರೆ ಕ್ಯಾನ್ವಾಸನ್ನು ಆರಂಭದಲ್ಲೇ 2480×3508 ಪಿಕ್ಸೆಲ್‌ಗೆ ಇಟ್ಟುಕೊಳ್ಳಿ. ಸಣ್ಣದಾಗಿ ಬಿಡಿಸಿ ಆಮೇಲೆ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ.

ಅಪರಿಚಿತರನ್ನು ಬಿಡಿಸುವಾಗ ಸಂಕೋಚವಾಗುವುದು ಸಹಜ. ಟ್ಯಾಬ್ ಹಿಡಿದು ಎದುರಿನವರನ್ನು ಮತ್ತೆ ಮತ್ತೆ ನೋಡುತ್ತಿದ್ದರೆ ಫೋಟೊ ತೆಗೆಯುತ್ತಿದ್ದಾರೆ ಎಂದು ಯಾರಿಗಾದರೂ ಅನುಮಾನ ಬರುತ್ತದೆ, ಹೆಂಗಸರಿಗಂತೂ ಬಂದೇ ಬರುತ್ತದೆ. ಆದ್ದರಿಂದ ಟ್ಯಾಬನ್ನು ಎತ್ತಿ ಹಿಡಿಯದೆ ತೊಡೆಯ ಮೇಲೆ ಮಲಗಿಸಿಕೊಳ್ಳಿ. ಪಕ್ಕದವರಿಗೆ ಬಿಡಿಸುತ್ತಿರುವುದು ಕಾಣಲಿ. ಮುಖದ ಹೋಲಿಕೆಗಿಂತ ನಿಂತ ಭಂಗಿ, ಕಂಬ ಹಿಡಿದ ಕೈ, ಜಾರಿದ ಚೀಲದ ಪಟ್ಟಿ ಇವುಗಳಲ್ಲೇ ಹೆಚ್ಚು ಜೀವವಿದೆ. ಎದುರಿನವರು ಗಮನಿಸಿದರೆ ಪರದೆಯನ್ನು ಅವರತ್ತ ತಿರುಗಿಸಿ ತೋರಿಸಿ. ಬೇಡವೆಂದರೆ ಅವರ ಕಣ್ಣೆದುರಿಗೇ ಅಳಿಸಿಬಿಡಿ.

ಅನೇಕ ಆ್ಯಪ್‌ಗಳು ಚಿತ್ರಗಳನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ. ಆ್ಯಪ್ ತೆಗೆದುಹಾಕಿದರೆ ಚಿತ್ರಗಳೂ ಹೋಗುತ್ತವೆ. ವಾರಕ್ಕೊಮ್ಮೆ ಎಲ್ಲವನ್ನೂ ಬೇರೆ ಕಡೆ ಉಳಿಸಿಕೊಳ್ಳಿ, ಹೆಸರಿನಲ್ಲಿ ದಿನಾಂಕವೂ ಜಾಗವೂ ಇರಲಿ.

ಇನ್ನು ನಿಮ್ಮ ಮಗ. ಅವನನ್ನು ದೂರವಿಡುವ ಬದಲು ನಿಮ್ಮ ಚಿತ್ರದ ಮೇಲೆಯೇ ಅವನಿಗೊಂದು ಹೊಸ ಲೇಯರ್ ತೆರೆದುಕೊಡಿ. ಒಂದೇ ಲೇಯರ್ ಎಂದು ಮೇಲೆ ಹೇಳಿದ ನಿಯಮಕ್ಕೆ ನಾನು ಒಪ್ಪುವ ವಿನಾಯಿತಿ ಇದೊಂದೇ. ನೀವು ಬಿಡಿಸಿದ ಚೊಂಬಿಗೆ ಅವನು ಬಾಲ ಬರೆಯಲಿ, ಟೊಮೆಟೊಗೆ ಮೀಸೆ ಇಡಲಿ. ಅವನ ಲೇಯರನ್ನು ಅಳಿಸದೆ ಉಳಿಸಿ, ಎರಡನ್ನೂ ಸೇರಿಸಿ ಒಂದು ಪ್ರತಿ ಇಡಿ. ಟ್ಯಾಬ್ ಅವನ ಕೈಗೆ ಕೊಡುವ ಮೊದಲು ನಿಮ್ಮ ಲೇಯರಿಗೆ ಬೀಗದ ಗುರುತು ಒತ್ತುವುದನ್ನು ಮಾತ್ರ ಮರೆಯಬೇಡಿ.